ಉಣ್ಣೆ ಬೆರೆತ ಮಣ್ಣು

ಆಳಂದದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಯಾವಾಗಲೂ ಏನಾದರೊಂದು ತೇಲುತ್ತಿತ್ತು. ಅಬ್ಬಾ ಊರವರ ಗಾದಿ, ತಲೆದಿಂಬುಗಳನ್ನು ಬಿಚ್ಚಿ, ಹಳೆಯ ಹತ್ತಿಯನ್ನು ಹಿಂಜಿ ಮತ್ತೆ ತುಂಬಿಕೊಡುವ ಕೆಲಸದವರು. ಮಾಳಿಗೆಯ ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಅವರಿಗಿಂತ ಉದ್ದವಾದ ಬಿಲ್ಲು ತೂಗುತ್ತಿತ್ತು. ಅದರ ಹುರಿಗೆ ಮರದ ಕೊಡತಿಯಿಂದ ಹೊಡೆದಾಗ ಹೊರಟ ಸದ್ದಿಗೆ ಅಡುಗೆಮನೆಯ ತಾಟುಗಳೂ ಸಣ್ಣಗೆ ನಡುಗುತ್ತಿದ್ದವು. ವರ್ಷಗಟ್ಟಲೆ ಜನ ಮಲಗಿ ಮಲಗಿ ಕಲ್ಲಾಗಿದ್ದ ಹತ್ತಿ ಒಂದೊಂದೇ ಪೆಟ್ಟಿಗೆ ಬಿಡಿಸಿಕೊಂಡು ಮೇಲೇಳುತ್ತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಒಳಗೆ ಬಂದಾಗ ಆ ನವಿರೆಲ್ಲ ಬೆಳಕಿನಲ್ಲಿ ನಿಂತುಬಿಡುತ್ತಿತ್ತು, ಮೇಲಕ್ಕೂ ಹೋಗದೆ, ಕೆಳಕ್ಕೂ ಬೀಳದೆ. ನಾನು ಹೊಸ್ತಿಲ ಮೇಲೆ ಕೂತು ಅದನ್ನೇ ನೋಡುತ್ತ ಶಾಲೆಗೆ ಹೋಗುವುದನ್ನು ಮರೆಯುತ್ತಿದ್ದೆ. ರೊಟ್ಟಿಯಲ್ಲಿ, ನೀರಿನ ಚೆರಿಗೆಯಲ್ಲಿ, ಅವ್ವನ ಹುಬ್ಬಿನಲ್ಲಿ, ನಮಾಜಿಗೆಂದು ಅಬ್ಬಾ ತೊಟ್ಟ ತೊಳೆದ ಅಂಗಿಯ ಮೇಲೆ, ಎಲ್ಲೆಲ್ಲೂ ಅದರ ಒಂದು ಎಳೆ ಇರುತ್ತಿತ್ತು. ತಂದೆಯನ್ನು ಅಬ್ಬಾ ಎಂದೂ ತಾಯಿಯನ್ನು ಅವ್ವ ಎಂದೂ ಕರೆಯುವುದು ನಮ್ಮ ಮನೆಯ ರೂಢಿ. ಎರಡು ಭಾಷೆಗಳು ನಮ್ಮಲ್ಲಿ ಹಾಗೆಯೇ ಜಗಳವಿಲ್ಲದೆ ಪಾಲು ಮಾಡಿಕೊಂಡಿದ್ದವು. ಮಲಗಿಸುವ ಹಾಡು ಕನ್ನಡದ್ದು, ಬೈಗುಳ ಉರ್ದುವಿನದು.

ಅವ್ವನ ತವರು ಜೇವರ್ಗಿ ಕಡೆಯ ಒಂದು ಹಳ್ಳಿ, ಭೀಮಾ ದಂಡೆಗೆ ಹತ್ತಿರ. ಅವಳ ತಂದೆ ಹಿಂಜುವ ಕೆಲಸ ಬಿಟ್ಟು ಹೊಲ ಮಾಡಿಕೊಂಡಿದ್ದರು. ಹೊಲದಲ್ಲಿ ಬೆಳೆದ ಹುಡುಗಿ ಮದುವೆಯಾಗಿ ಬಂದದ್ದು ಅಂಗೈಯಗಲ ನೆಲವಿಲ್ಲದ ಮನೆಗೆ. ನಮ್ಮ ಹಿತ್ತಲೆಂದರೆ ಎರಡು ಚಾಪೆ ಹಾಸುವಷ್ಟು ಜಾಗ, ಅದಕ್ಕೂ ಪೂರ್ತಿ ಶಹಾಬಾದಿ ಕಲ್ಲು ಹಾಸಿತ್ತು. ಆದರೂ ಬೇಸಿಗೆ ಮುಗಿಯುತ್ತ ಬಂದಂತೆ ಅವ್ವನ ಕೈ ಸುಮ್ಮನಿರುತ್ತಿರಲಿಲ್ಲ. ಒಡೆದ ಗಡಿಗೆಯ ತಳ, ತೆಂಗಿನ ಚಿಪ್ಪು, ಅರ್ಧಕ್ಕೆ ಕೊಯ್ದ ಎಣ್ಣೆ ಡಬ್ಬಿ, ಹಾಲಿನ ಪಾಕೀಟು, ಏನು ಸಿಕ್ಕರೂ ತಳಕ್ಕೆ ಮೊಳೆಯಿಂದ ತೂತು ಹಾಕಿ ಗೋಡೆಗುಂಟ ಸಾಲಾಗಿ ಇಡುತ್ತಿದ್ದಳು. ಅದರಲ್ಲಿ ಮೆಣಸಿನಕಾಯಿ, ಟಮಾಟಿ, ಮುಳಗಾಯಿಯ ಅಗಿ ಬೆಳೆಸುತ್ತಿದ್ದಳು. ಮುಳಗಾಯಿಯೆಂದರೆ ನಮ್ಮ ಕಡೆ ಬದನೆಕಾಯಿ. ಅಗಿಯೆಂದರೆ ಕಿತ್ತು ಬೇರೆಡೆ ನೆಡುವ ಎಳೆಯ ಸಸಿ. ನೆಡಲು ನಮಗೆ ಬೇರೆಡೆ ಎಂಬುದೇ ಇರಲಿಲ್ಲ. ಸರಸಂಬಾದಿಂದ ಸಂತೆಗೆ ಬಂದ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು, ನೀರು ಕುಡಿದು, ಒದ್ದೆ ಬಟ್ಟೆಯಲ್ಲಿ ಅಗಿ ಸುತ್ತಿಕೊಂಡು ಹೋಗುತ್ತಿದ್ದರು. ಸುಗ್ಗಿಯಲ್ಲಿ ಅವರೇ ಒಂದಿಷ್ಟು ಜೋಳವನ್ನೋ ಬೇಳೆಯನ್ನೋ ತಂದು ಇಳಿಸುತ್ತಿದ್ದರು. ನಮ್ಮ ಹಿತ್ತಲಲ್ಲಿ ಹುಟ್ಟಿದ ಗಿಡಗಳು ಕಾಯಿ ಬಿಟ್ಟದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಮಣ್ಣು ಕಲಸುವ ದಿನ ಮಾತ್ರ ಮನೆಯಲ್ಲಿ ಹಬ್ಬದಡುಗೆಯ ತಯಾರಿಯಂತಿರುತ್ತಿತ್ತು. ಬರೀ ಎರೆಮಣ್ಣಾದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿದು ಎಳೆ ಬೇರನ್ನು ಹರಿಯುತ್ತದೆ ಎನ್ನುತ್ತಿದ್ದಳು ಅವ್ವ. ಅದಕ್ಕೆ ಜರಡಿ ಹಿಡಿದ ಹಳೆಯ ತಿಪ್ಪೆಗೊಬ್ಬರ ಸೇರಬೇಕು. ಅಬ್ಬಾ ಅಫಜಲಪುರದ ಕಡೆ ಗಾದಿ ಹಿಂಜಲು ಹೋದಾಗ ಹೊಳೆಯಿಂದ ಚೀಲದಲ್ಲಿ ತುಂಬಿ ತಂದ ಉಸುಕು ಸೇರಬೇಕು. ಒಲೆಯ ಬೂದಿ ಒಂದು ಚಿಟಿಕೆ. ಕೊನೆಗೆ ಉಣ್ಣೆ. ಕುರಿಗಾರರು ಕಂಬಳಿಗೆಂದು ಉಣ್ಣೆ ತಂದು ಅಬ್ಬಾನ ಹತ್ತಿರ ಹಿಂಜಿಸಿಕೊಂಡು ಹೋಗುತ್ತಿದ್ದರು. ಹಿಕ್ಕೆ ಅಂಟಿದ, ಮುಳ್ಳು ಹತ್ತಿದ, ಗಿಡ್ಡಗಿದ್ದ ಉಣ್ಣೆ ನಮ್ಮ ಮನೆಯ ಮೂಲೆಯಲ್ಲೇ ಉಳಿಯುತ್ತಿತ್ತು. ಅವ್ವ ಅದನ್ನು ನಾಲ್ಕು ದಿನ ಬಿಸಿಲಿಗೆ ಹಾಕಿ, ಬಡಿದು, ಬೆರಳಿನಿಂದ ಬಿಡಿಸಿ, ಕತ್ತರಿಯಲ್ಲಿ ಉಗುರಿನಷ್ಟು ಸಣ್ಣಗೆ ತುಂಡು ಮಾಡುತ್ತಿದ್ದಳು. ಹತ್ತು ಹಿಡಿ ಮಣ್ಣಿಗೆ ಒಂದು ಹಿಡಿ ಉಣ್ಣೆ, ಅದೂ ಸಡಿಲ ಹಿಡಿ. ಎರಡೂ ಅಂಗೈಯಿಂದ ಉಜ್ಜಿ ಉಜ್ಜಿ, ಉಣ್ಣೆಯ ಎಳೆ ಎಲ್ಲಿದೆ ಎಂದು ಕಣ್ಣಿಗೆ ಕಾಣದಾಗುವ ತನಕ ಕಲಸುತ್ತಿದ್ದಳು. ಆ ಮಣ್ಣು ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಮಲಗಿದ ಪ್ರಾಣಿಯ ಮೈ ಮುಟ್ಟಿದಂತೆ. ಉಣ್ಣೆ ಕುಡಿದ ನೀರನ್ನು ಹಿಡಿದಿಟ್ಟುಕೊಂಡು ಬೇರಿಗೆ ಅಷ್ಟಷ್ಟೇ ಕೊಡುತ್ತದೆ, ಆಮೇಲೆ ತಾನೂ ನಿಧಾನವಾಗಿ ಕರಗಿ ಗೊಬ್ಬರವಾಗುತ್ತದೆ. ಮೇಲೆ ಎಳೆ ಕಂಡಿತೋ ಗುಬ್ಬಿಗಳು ಗೂಡಿಗೆಂದು ಎಳೆದುಕೊಂಡು ಹೋಗುತ್ತವೆ, ಜತೆಗೆ ಮೊಳಕೆಯೂ ಕಿತ್ತುಬರುತ್ತದೆ. ಅದಕ್ಕೇ ಅಷ್ಟು ಕಲಸುವುದು.

ಈಗ ಮೊಬೈಲಿನಲ್ಲಿ ಯಾವುದೋ ದೇಶದವರು ಕುಂಡದ ಮಣ್ಣಿಗೆ ಉಣ್ಣೆ ಹಾಕುವುದನ್ನು ಹೊಸದೆಂಬಂತೆ ತೋರಿಸುತ್ತಾರೆ. ನೋಡುತ್ತ ನೋಡುತ್ತ ನನ್ನ ಬೆರಳುಗಳು ತಾವಾಗಿಯೇ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಈಗ ಉಣ್ಣೆಯನ್ನು ಕೊಳ್ಳುವವರೇ ಇಲ್ಲ. ಕಡಗಂಚಿಯ ರಸ್ತೆಯಲ್ಲಿ ಕುರಿಗಾರರು ಕತ್ತರಿಸಿ ಬೇಲಿಗೆ ಎಸೆದು ಹೋದದ್ದನ್ನು ನಾನು ಗಾಡಿ ನಿಲ್ಲಿಸಿ ಚೀಲಕ್ಕೆ ತುಂಬಿಕೊಂಡು ಬರುತ್ತೇನೆ. ಮನೆಯ ಮಾಳಿಗೆಯ ಮೇಲೆ ಕೂತು ಕತ್ತರಿಸುವಾಗ ಪ್ರತಿಸಲವೂ ನನಗೆ ಹತ್ತು ವರ್ಷವಾಗುತ್ತದೆ, ಮತ್ತು ನಾನು ಮಾಡಿದ ಆ ಕೆಲಸ ನೆನಪಾಗುತ್ತದೆ.

ಅವ್ವನ ಬೀಜಗಳಲ್ಲಿ ಒಂದು ಗಂಟು ಬೇರೆಯೇ ಇತ್ತು. ಅವಳ ತಾಯಿ, ಅಂದರೆ ನಮ್ಮ ನಾನಿ, ಮದುವೆಯ ದಿನ ಅವಳ ಸೆರಗಿಗೆ ಕಟ್ಟಿ ಕಳಿಸಿದ ಮುಳಗಾಯಿ ಬೀಜ. ಹಸಿರು ಮೈ, ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿ ಮಾಡಿದರೆ ಬಾಯಲ್ಲಿ ಬೆಣ್ಣೆಯಂತೆ ಕರಗುತ್ತದೆಂದು ಅವ್ವ ಕಣ್ಣುಮುಚ್ಚಿ ಹೇಳುತ್ತಿದ್ದಳು. ಆ ಅಗಿಯನ್ನು ಮಾತ್ರ ಅವಳು ಯಾರಿಗೂ ಕೊಡುತ್ತಿರಲಿಲ್ಲ. ಡಬ್ಬಿಯಲ್ಲೇ ಒಂದೆರಡು ಗಿಡ ಬೆಳೆಸುತ್ತಿದ್ದಳು, ಅವು ಹೂ ಬಿಟ್ಟು ಉದುರಿಸಿ ಸುಮ್ಮನಾಗುತ್ತಿದ್ದವು. ಹಾಗಾಗಿ ಗಂಟಿನ ಬೀಜ ವರ್ಷವರ್ಷ ಕಡಿಮೆಯಾಗುತ್ತ ಬಂದಿತ್ತು. ಹೊಸದಾಗಿ ತರಲು ತವರಿನ ದಾರಿ ಮುಚ್ಚಿತ್ತು. ಅದಕ್ಕೆ ಕಾರಣ ಅವಳ ಅಣ್ಣ ಖಾಸೀಂ ಮಾಮಾ. ಹೊಲ ಬಂದ ಮೇಲೆ ಮಾಮಾನಿಗೆ ಹಿಂಜುವ ಬಿಲ್ಲನ್ನು ಕಂಡರೆ ನಾಚಿಕೆ. ಅವರ ಮಗಳ ಮದುವೆಗೆ ನಾವೆಲ್ಲ ಹೋಗಿದ್ದಾಗ ಅಬ್ಬಾ ಪಡಸಾಲೆಯಲ್ಲಿ ಗಾದಿ ಹಾಸುತ್ತಿದ್ದರು. ಗಂಡಿನ ಕಡೆಯ ದೊಡ್ಡವರೊಬ್ಬರು ಇವರು ಯಾರು ಎಂದು ಕೇಳಿದರು. ಗಾದಿ ತುಂಬಲು ಬಂದವನು ಎಂದರು ಮಾಮಾ. ಅವ್ವ ಅಲ್ಲೇ ಬಾಗಿಲ ಹಿಂದೆ ನಿಂತಿದ್ದಳು. ಅಬ್ಬಾ ಗಾದಿಯ ಮೂಲೆಯನ್ನು ಸರಿಮಾಡಿ, ಕೈ ಕೊಡವಿ, ನನ್ನನ್ನು ಎತ್ತಿಕೊಂಡು ಊಟ ಮಾಡದೆ ಬಸ್ಸಿಗೆ ನಡೆದರು. ನಾನಿ ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದದ್ದು ಬಿಟ್ಟರೆ ಅವ್ವ ಮತ್ತೆ ಆ ಊರ ಹೆಸರೆತ್ತಲಿಲ್ಲ.

ಆ ಬೇಸಿಗೆಯಲ್ಲಿ ಅಬ್ಬಾನ ಅಕ್ಕನ ಮಗಳ ಬಾಣಂತನಕ್ಕೆಂದು ಅವ್ವ ಎಂಟು ದಿನ ಕಲಬುರಗಿಗೆ ಹೋದಳು. ಮುಂಗಾರಿನ ಮಿರಗದ ಮಳೆ ಇನ್ನೂ ಬಂದಿರಲಿಲ್ಲ. ಅವ್ವ ತಿರುಗಿ ಬರುವಷ್ಟರಲ್ಲಿ ಹಿತ್ತಲ ತುಂಬ ನಾನಿಯ ಮುಳಗಾಯಿ ಮೊಳೆತು ನಿಂತಿರಬೇಕು, ಅವಳು ಬಾಗಿಲಲ್ಲೇ ಬೆರಗಾಗಿ ನಿಲ್ಲಬೇಕು ಎಂದು ನನಗೆ ಹೊಳೆಯಿತು. ಮಧ್ಯಾಹ್ನದ ಹೊತ್ತು, ಅಬ್ಬಾ ಕೆಲಸಕ್ಕೆ ಹೊರಗೆ ಹೋಗಿದ್ದರು. ಮೂಲೆಯಲ್ಲಿದ್ದ ಉಣ್ಣೆ ಹಿಂದಿನ ದಿನವಷ್ಟೇ ಬಂದದ್ದು, ಇನ್ನೂ ಹಿಕ್ಕೆ ಹಸಿಯಾಗಿತ್ತು. ಬಿಸಿಲಿಗೆ ಹಾಕಲಿಲ್ಲ, ಕತ್ತರಿಸಲೂ ಇಲ್ಲ. ಸ್ವಲ್ಪ ಉಣ್ಣೆ ಇಷ್ಟು ಒಳ್ಳೆಯದಾದರೆ ಬಹಳ ಉಣ್ಣೆ ಇನ್ನೆಷ್ಟು ಒಳ್ಳೆಯದು ಎಂದುಕೊಂಡೆ. ತುಂಬುವುದೆಂದರೆ ನಾನು ಕಂಡದ್ದು ಅಬ್ಬಾ ಗಾದಿ ತುಂಬುವುದನ್ನು ಮಾತ್ರ. ಹಾಗೆಯೇ ಮುಷ್ಟಿಯಿಂದ ಗುದ್ದಿ ಗುದ್ದಿ ಡಬ್ಬಿಗಳಿಗೆ ಉಣ್ಣೆ ತುಂಬಿದೆ, ಮೇಲೊಂದಿಷ್ಟು ಮಣ್ಣು ಎಳೆದೆ. ಗಂಟು ಬಿಚ್ಚಿ, ಇದ್ದ ಬೀಜವನ್ನೆಲ್ಲ ಹಾಕಿ, ದಿನಕ್ಕೆ ಮೂರು ಸಲ ನೀರು ಕೊಟ್ಟೆ.

ಐದನೆಯ ದಿನ ಅಲ್ಲಲ್ಲಿ ಬಿಳಿ ಕತ್ತು ಮೇಲೆದ್ದಿತು. ಆರನೆಯ ದಿನ ಅವೆಲ್ಲ ಬುಡದಲ್ಲಿ ಕಪ್ಪಾಗಿ ಒಂದರ ಮೇಲೊಂದು ಒರಗಿದವು. ಬೆರಳು ಹಾಕಿ ನೋಡಿದೆ. ಒಳಗೆ ಉಣ್ಣೆ ನೀರು ತುಂಬಿದ ಸ್ಪಂಜಿನಂತಿತ್ತು, ಒದ್ದೆ ಕುರಿಯ ವಾಸನೆ ಮೂಗಿಗೆ ಹೊಡೆಯಿತು. ಮೊಳೆಯದ ಬೀಜಗಳು ಬೆರಳಲ್ಲಿ ಒತ್ತಿದರೆ ಪಿಚ್ಚೆನ್ನುತ್ತಿದ್ದವು. ಎಲ್ಲವನ್ನೂ ಬಳಿದು ತಿಪ್ಪೆಗೆ ಹಾಕಿ, ಡಬ್ಬಿ ತೊಳೆದಿಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಒಣಮೆಣಸಿನಕಾಯಿ ಮುರಿದೆ. ಮೆಣಸಿನ ಬೀಜವೂ ಚಪ್ಪಟೆ, ಮುಳಗಾಯಿ ಬೀಜವೂ ಚಪ್ಪಟೆ. ಅದನ್ನು ನಾನಿಯ ಬಟ್ಟೆಯಲ್ಲಿ ಕಟ್ಟಿ, ಇದ್ದ ಜಾಗದಲ್ಲೇ ಇಟ್ಟೆ. ಗಂಟು ಮೊದಲಿದ್ದ ಹಾಗೆಯೇ ಕಂಡಿತು. ಅಂದು ಸಂಜೆ ಮೆಣಸಿನ ಕೈಯಿಂದಲೇ ಕಣ್ಣು ಉಜ್ಜಿಕೊಂಡು ಉರಿ ತಾಳದೆ ಅತ್ತೆ. ಅವ್ವನ ನೆನಪಾಗಿ ಅಳುತ್ತಿದ್ದೇನೆಂದು ಅಬ್ಬಾ ಸಮಾಧಾನ ಮಾಡಿದರು.

ಅವ್ವ ಬಂದಳು. ಮಳೆ ಬಂತು. ಮಣ್ಣು ಕಲಸಿ, ಗಂಟು ಬಿಚ್ಚಿ, ಅಂಗೈಯಲ್ಲಿ ಹಾಕಿಕೊಂಡು ಕ್ಷಣಹೊತ್ತು ನೋಡಿದಳು. ನಾನು ಕಂಬವನ್ನು ಹಿಡಿದು ನಿಂತಿದ್ದೆ. ಅವಳು ಒಂದೊಂದೇ ಬೀಜ ಇಟ್ಟು ಮಣ್ಣು ಮುಚ್ಚಿದಳು. ಆಮೇಲಿನ ದಿನಗಳು ನನಗೆ ನೀರಿನೊಳಗಿಂದ ನೋಡಿದಂತೆ ನೆನಪಿವೆ. ಮೊಳಕೆ ಬಂದವು. ಎರಡೆಲೆಯಾಯಿತು, ನಾಲ್ಕೆಲೆಯಾಯಿತು. ದಿನಾ ಬೆಳಿಗ್ಗೆ ಅವ್ವ ಅವಕ್ಕೆ ಚೆರಿಗೆಯಿಂದ ನೀರು ಚಿಮುಕಿಸುವಾಗ ನಾನು ಎಲೆಗಳನ್ನೇ ದಿಟ್ಟಿಸುತ್ತಿದ್ದೆ, ಅವು ಅಗಲವಾಗಲಿ, ಮೇಲೆ ನವಿರು ಬರಲಿ, ಹೇಗಾದರೂ ಮುಳಗಾಯಿಯಾಗಿಬಿಡಲಿ ಎಂದು. ಅವು ಸಪೂರವಾಗಿ, ನುಣ್ಣಗೆ, ಮೆಣಸಿನ ಎಲೆಯಾಗಿಯೇ ಬೆಳೆದವು. ಅವ್ವ ಅವನ್ನು ಕಂಡೂ ಕಾಣದಂತೆ ನೀರು ಹಾಕುತ್ತಿದ್ದಳು. ಬಿಲ್ಲಿನ ಸದ್ದು, ಬೆಳಕಿನಲ್ಲಿ ನಿಂತ ಹತ್ತಿ, ರೊಟ್ಟಿ ಬಡಿಯುವ ಸದ್ದು, ಎಲ್ಲ ದೂರದಲ್ಲೆಲ್ಲೋ ನಡೆಯುತ್ತಿರುವಂತೆ ಕೇಳುತ್ತಿದ್ದವು. ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹೀಗೆ ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ ಬಡಿಸಿಕೊಂಡು ಮೂವರೂ ಕೂತಿದ್ದೆವು. ಮಗುವಿಗೆ ಮೈ ಸರಿಯಿಲ್ಲವೇನೋ, ದವಾಖಾನೆಗೆ ಕರೆದೊಯ್ಯೋಣವೇ ಎಂದು ಅಬ್ಬಾ ಕೇಳಿದರು. ಆಗ ನನ್ನ ಬಾಯಿಂದ ಎಲ್ಲವೂ ಒಮ್ಮೆಗೇ ಬಂದುಬಿಟ್ಟಿತು. ಹಸಿ ಉಣ್ಣೆ, ಗುದ್ದಿ ತುಂಬಿದ್ದು, ತಿಪ್ಪೆ, ಮೆಣಸಿನಕಾಯಿ. ಹೇಳಿ ಮುಗಿಸಿ ತಾಟಿನೊಳಗೆ ಮುಖ ಹಾಕಿ ಕೂತೆ. ಅವ್ವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಗೊತ್ತದ, ಮಾಬಿ. ಗಂಟು ಬಿಚ್ಚಿದ ದಿವಸನ ಗೊತ್ತಾಗ್ಯದ. ನೀ ಯಾವಾಗ ಹೇಳ್ತಿ ಅಂತ ಕಾಯಾಕತ್ತಿದ್ದೆ."

ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಒಲೆಯ ಕಡೆ ತಿರುಗಿ ಕೂತಳು. ಅವಳ ಬೆನ್ನು ಅಲುಗುತ್ತಿತ್ತು. ನಾನಿ ಸತ್ತಾಗಲೂ ಅವ್ವ ನಮ್ಮೆದುರು ಅತ್ತಿರಲಿಲ್ಲ. ಅಲ್ಲಿಂದಲೇ, ಅದು ಬೀಜ ಅಲ್ಲ, ತನ್ನ ಅವ್ವನ ಕೈ ಎಂದಳು. ಅಬ್ಬಾ ತಾಟಿನಲ್ಲೇ ಕೈ ತೊಳೆದುಕೊಂಡು, ಟವೆಲ್ಲಿಗೆ ಒರೆಸಿಕೊಂಡು, ಜೇವರ್ಗಿಗೆ ಹೋಗೋಣ, ಅಲ್ಲಿ ಬೀಜ ಇರಬಹುದು ಎಂದರು. ಅವ್ವ ಬೇಡವೆಂದಳು. ಅಲ್ಲಿ ನಿಮಗೆ ಆದದ್ದನ್ನು ನಾನು ಮರೆತಿಲ್ಲ ಎಂದಳು. ಅಬ್ಬಾನ ಉತ್ತರ ನನಗೆ ಅಕ್ಷರಶಃ ನೆನಪಿದೆ.

"ನಾ ಅವನ ಮನೀಗಿ ಹೋಗಾಕತ್ತಿಲ್ಲ. ಬೀಜಕ್ಕ ಹೋಗಾಕತ್ತೇನಿ."

ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಭೀಮಾ ಸೇತುವೆ ದಾಟಿದೆವು. ಮಳೆಗಾಲದ ಹೊಳೆ ಕೆಂಪಾಗಿ, ಸದ್ದಿಲ್ಲದೆ, ಅಗಲವಾಗಿ ಹೋಗುತ್ತಿತ್ತು. ಅವ್ವ ಕಿಟಕಿಗೆ ಹಣೆಯಿಟ್ಟು ಅದನ್ನೇ ನೋಡುತ್ತಿದ್ದಳು. ಊರಲ್ಲಿ ಮಾಮಾ ಬಾಗಿಲಲ್ಲೇ ಇದ್ದರು. ಬರ್ರಿ ಎಂದರು, ಅಷ್ಟೇ. ಮಾಮಿ ಚಹಾ ಕೊಟ್ಟು, ಆ ಹಳೇ ಮುಳಗಾಯಿ ಈಗ ಯಾರೂ ಹಾಕುವುದಿಲ್ಲ, ನರ್ಸರಿಯಿಂದ ಅಗಿ ತರುತ್ತೇವೆ ಎಂದರು. ಅವ್ವ ನಾನಿಯ ಟ್ರಂಕು ನೋಡಬಹುದೇ ಎಂದು ಕೇಳಿದಳು. ಹಳೆಯ ಸೀರೆ, ಒಂದು ಕನ್ನಡಿ, ಜಪದ ತಸ್ಬಿ ಸರ, ಇವುಗಳ ಕೆಳಗೆ ಬೂದಿ ತುಂಬಿದ ಸಣ್ಣ ಡಬ್ಬಿ. ಬೂದಿಯಲ್ಲಿ ಬೀಜ. ಎಷ್ಟು ವರ್ಷ ಹಳೆಯದೋ ಯಾರಿಗೂ ಗೊತ್ತಿರಲಿಲ್ಲ. ಮಾಮಾ ಬಗ್ಗಿ ನೋಡಿ, ಸತ್ತ ಬೀಜ ಇವು, ಹುಟ್ಟುವುದಿಲ್ಲ ಎಂದರು. ಅವ್ವ ಮುಚ್ಚಳ ಹಾಕಿ ಸೆರಗಲ್ಲಿ ಕಟ್ಟಿಕೊಂಡಳು. ನಂತರ, ಅಷ್ಟು ವರ್ಷಗಳ ಮೇಲೆ ಮೊದಲ ಸಲ, ಅಣ್ಣನ ಹತ್ತಿರ ತಾನಾಗಿ ಒಂದು ಮಾತು ಕೇಳಿದಳು.

"ಅಣ್ಣಾ, ನಿನ್ನ ಹೊಲದಾಗ ಕುರಿ ಕೂತಾವಲ್ಲ. ಒಂದೆರಡ ಹಿಡಿ ಉಣ್ಣಿ ಕೊಡಸು."

ನಮ್ಮ ಮನೆಯ ಮೂಲೆಯಲ್ಲೇ ಉಣ್ಣೆ ಇತ್ತು, ಆದರೂ ಅಣ್ಣನನ್ನು ಕೇಳಿದಳು. ಉಣ್ಣೆ ಯಾಕೆ ಎಂದು ಮಾಮಾ ಕೇಳಿದರು. ಮಣ್ಣಿಗೆ ಎಂದಳು. ಅವರು ನಕ್ಕರು. ಅವ್ವ ನಗಲಿಲ್ಲ. ತನಗೆ ಹೊಲವಿಲ್ಲ, ಡಬ್ಬಿಯಲ್ಲಿ ಬೆಳೆಸುತ್ತೇನೆ, ಡಬ್ಬಿಯ ಮಣ್ಣು ಬೇಗ ಒಣಗುತ್ತದೆ, ಉಣ್ಣೆ ಇದ್ದರೆ ತಡೆಯುತ್ತದೆ ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು. ಮಾಮಾನ ನಗೆ ನಿಧಾನವಾಗಿ ಇಳಿಯಿತು. ತಂಗಿ ಇಷ್ಟು ವರ್ಷ ಡಬ್ಬಿಯಲ್ಲಿ ಬೇಸಾಯ ಮಾಡಿದ್ದಾಳೆಂಬುದು ಅವರಿಗೆ ಆಗ ತಿಳಿಯಿತೆಂದು ತೋರುತ್ತದೆ. ಅವರು ಹೊಲಕ್ಕೆ ಹೋಗಿ ಒಂದು ಚೀಲ ತುಂಬ ಉಣ್ಣೆ ತಂದರು, ಬಸ್‌ಸ್ಟ್ಯಾಂಡಿನ ತನಕ ತಾವೇ ಹೆಗಲ ಮೇಲೆ ಹೊತ್ತು ನಡೆದರು. ಅಲ್ಲಿ ಊರಿನ ಯಾರೋ ಹಿರಿಯರು ಅಬ್ಬಾನನ್ನು ತೋರಿಸಿ, ಇವರ್ಯಾರು ಖಾಸೀಂ ಎಂದು ಕೇಳಿದರು. ಮಾಮಾ ರಸ್ತೆಯ ಕಡೆ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದರು.

"ನಮ್ಮ ತಂಗಿ ಗಂಡ ಅದಾರ್ರಿ. ಆಳಂದದಾಗ ಗಾದಿ ಹಿಂಜತಾರ."

ಅಬ್ಬಾ ಚೀಲವನ್ನು ಅವರ ಹೆಗಲಿಂದ ಇಳಿಸಿಕೊಂಡರು. ಅವ್ವ ಮುಖ ತಿರುಗಿಸಿ ನಿಂತಳು. ಬಸ್ಸು ಬಂತು.

ಮನೆಗೆ ಬಂದು ನಾಲ್ಕು ದಿನ ಉಣ್ಣೆ ಒಣಗಿದ ಮೇಲೆ ಅವ್ವ ಕತ್ತರಿಯನ್ನು ನನ್ನ ಮುಂದೆ ಇಟ್ಟಳು. ಬೀಜವನ್ನೂ ನನ್ನ ಕೈಗೇ ಕೊಟ್ಟಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ನನ್ನ ಹಿಂದೆ ಕೂತು, ಎರಡೂ ತೋಳಿನಿಂದ ನನ್ನನ್ನು ಬಳಸಿ, ನನ್ನ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು ಮಣ್ಣಿಗೆ ಇಳಿಸಿದಳು. ಸಡಿಲ, ಸಡಿಲ, ಅದಕ್ಕೂ ಉಸಿರು ಬೇಕು ಎನ್ನುತ್ತಿದ್ದಳು. ಅವಳ ಗದ್ದ ನನ್ನ ತಲೆಯ ಮೇಲಿತ್ತು. ಉಣ್ಣೆ ಎಲ್ಲಿ, ಮಣ್ಣು ಎಲ್ಲಿ, ಅವಳ ಬೆರಳು ಎಲ್ಲಿ, ನನ್ನದು ಎಲ್ಲಿ, ಒಂದೂ ತಿಳಿಯದ ಹೊತ್ತು ಅದು. ಬೀಜ ಇಟ್ಟೆವು. ಹತ್ತು ದಿನ ಏನೂ ಇಲ್ಲ. ಹದಿನೈದು ದಿನ ಏನೂ ಇಲ್ಲ. ಇಪ್ಪತ್ತನೆಯ ದಿನದ ಸುಮಾರಿಗೆ ಮೂರು ಮೊಳಕೆ ಎದ್ದವು. ಒಂದನ್ನು ಗುಬ್ಬಿ ಕಿತ್ತಿತು. ಒಂದು ತಾನಾಗಿ ಬಾಡಿತು. ಉಳಿದದ್ದರ ಎಲೆ ಅಗಲವಾಯಿತು, ಅದರ ಮೇಲೆ ನವಿರು ಬಂತು, ಬೆನ್ನಿಗೆ ಸಣ್ಣ ಮುಳ್ಳು ಬಂತು.

ಒಂದು ಬೆಳಿಗ್ಗೆ ಹಿತ್ತಲಿಂದ ಕಲ್ಲಿನ ಸದ್ದು ಕೇಳಿಸಿತು. ಅಬ್ಬಾ ಎಲ್ಲಿಂದಲೋ ಹಾರೆ ತಂದು ಶಹಾಬಾದಿ ಕಲ್ಲೊಂದನ್ನು ಮೀಟುತ್ತಿದ್ದರು. ಕಲ್ಲು ಎದ್ದಾಗ ಅದರಡಿಯ ಮಣ್ಣು ತಣ್ಣಗೆ, ಕಪ್ಪಗೆ, ಯಾರೂ ನೋಡದೆ ಉಳಿದದ್ದು ಕಂಡಿತು. ಅವ್ವ ಬಾಗಿಲಲ್ಲಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದಳು. ಇದು ನಿನ್ನ ಹೊಲ ಎಂದು ಅಬ್ಬಾ ಹೇಳಬಹುದಿತ್ತು; ಅವರು ಕಲ್ಲನ್ನು ಗೋಡೆಗೆ ಆನಿಸಿಟ್ಟು ಕೆಲಸಕ್ಕೆ ಹೋದರು. ಗಿಡವನ್ನು ಅಲ್ಲಿ ನೆಟ್ಟೆವು. ದಸರೆಯ ಸೂಟಿ ಮುಗಿದು ಚಳಿ ಹಿಡಿದಾಗ ಅದು ಕಾಯಿ ಬಿಟ್ಟಿತು. ಮೊದಲ ಕಾಯಿಯನ್ನು ಯಾರೂ ಮುಟ್ಟಲಿಲ್ಲ. ಅದು ಬೀಜಕ್ಕೆ. ಹಸಿರಾಗಿ, ಬಿಳಿ ಗೆರೆ ಹೊತ್ತು, ಮುಷ್ಟಿಯಷ್ಟಾಗಿ, ಕೊನೆಗೆ ಹಳದಿಯಾಗಿ ಗಿಡದ ಕೊಂಬೆಯನ್ನೇ ಬಗ್ಗಿಸಿತು. ಆ ವಾರ ಮಾಮಾ ಹಬ್ಬದ ನೆವದಿಂದ ಬಂದು, ಹಿಂಜುವ ಖೋಲಿಯಲ್ಲೇ ಗಾದಿಯ ಮೇಲೆ ಕೂತು, ಮೈತುಂಬ ಹತ್ತಿಯಾಗಿ, ಎರಡನೆಯ ಕಾಯಿಯ ಪಲ್ಯ ಉಂಡು ಹೋದರು.

ಅವ್ವ ಬೀಜದ ಕಾಯಿಯನ್ನು ಸೀಳಿ, ನೀರಲ್ಲಿ ಹಿಸುಕಿ, ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಹಚ್ಚಿದಳು. ಒಂದು ಶುಕ್ರವಾರ ಮಧ್ಯಾಹ್ನ ಅದನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಉಡಿಯಲ್ಲಿ ಹಾಕಿದಳು. ಇನ್ನು ಮೇಲೆ ಇದು ನಿನ್ನ ಹತ್ತಿರ ಇರಲಿ ಎಂದಳು. ನನಗೆ ಹೆದರಿಕೆಯಾಯಿತು. ಬೇಡ ಎಂದೆ. ಮತ್ತೆ ಕೆಡಿಸಿದರೆ ಎಂದು ಕೇಳಿದೆ.

"ಕೆಡಿಸಿದ್ರ ಬಂದು ಹೇಳು. ತಿಂಗಳಗಟ್ಲೆ ಕಾಯಸಬ್ಯಾಡ."

ಅಷ್ಟು ಹೇಳಿ ಅವಳು ಅಲ್ಲೇ ಚಾಪೆಯ ಮೇಲೆ, ತೋಳನ್ನು ದಿಂಬು ಮಾಡಿಕೊಂಡು ಒರಗಿದಳು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು. ಓಣಿಯಲ್ಲಿ ಹುಡುಗಿಯರು ಕುಂಟಾಟಕ್ಕೆ ನನ್ನನ್ನು ಕೂಗಿದರು. ಬಿಸಿಲು ಹಿತ್ತಲ ಗೋಡೆ ಹತ್ತಿ ಹೋಯಿತು, ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಆಯಿತು. ಅವ್ವ ಎದ್ದೇಳುವ ತನಕ ನಾನು ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತೇ ಇದ್ದೆ.